ಬ್ರೇಕ್‌ಪಾಯಿಂಟ್ (ಓಡುವ ಪ್ರೋಗ್ರಾಂ ನಿಲ್ಲಲಿ ಅಂತ ಒಂದು ಸಾಲಿಗೆ ಹಾಕುವ ಗುರುತು) ನಿಜವಾಗಿ ಡಿಸೇಬಲ್ ಆಗಿದೆಯಾ ಅಂತ ಟೆಸ್ಟ್ ಮಾಡೋದು ಹೇಗೆ?

ಪ್ರೋಗ್ರಾಂ ಓಡಿಸಿ, ಅಲ್ಲಿ ನಿಲ್ಲದೆ ದಾಟುತ್ತದಾ ನೋಡಿ. ಸುಮ್ನೆ ಬ್ರೇಕ್‌ಪಾಯಿಂಟ್‌ಗಳ ಪಟ್ಟಿಯಲ್ಲಿ 'ಎನ್' (ಡಿಸೇಬಲ್ ಆಗಿದೆ ಅನ್ನೋ ಗುರುತು) ಅಂತ ಕಂಡರೆ ಸಾಲದು.

ತುಮಕೂರಿನ ನಮ್ಮ ಲ್ಯಾಬಿನಲ್ಲಿ ಹುಡುಗರಿಗೆ ಜಿಡಿಬಿ ಅನ್ನೋ ಡಿಬಗ್ಗರ್‌ನಲ್ಲಿ (ಪ್ರೋಗ್ರಾಂನ ತಪ್ಪು ಹುಡುಕುವ ಸಾಧನ) ಹೀಗೆ ತೋರಿಸುತ್ತೇನೆ: ತಿಪಟೂರಿನ 5 ಮೂಟೆ ಕೊಬ್ಬರಿಯ ತೂಕ ಕೂಡಿಸುವ ಲೂಪ್, ಅದರೊಳಗೆ 1ನೇ ಬ್ರೇಕ್‌ಪಾಯಿಂಟ್, ಲೂಪ್ ಮುಗಿದ ಮೇಲಿನ ಸಾಲಿಗೆ 2ನೇದು. 'ಡಿಸೇಬಲ್ 1' ಕೊಟ್ಟು ಓಡಿಸಿದರೆ ನೇರ 2ನೇದಕ್ಕೇ ಬಂದು ನಿಲ್ಲಬೇಕು. ಆಮೇಲೆ 'ಎನೇಬಲ್ 1' ಕೊಟ್ಟು ಮೊದಲಿಂದ ಓಡಿಸಿ, ಈಗ ಒಳಗೆ 5 ಸಲ ನಿಲ್ಲಬೇಕು. ಈ ಎರಡನೇ ಓಟ ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಬರೀ ಪಟ್ಟಿ ನೋಡಿದರೆ ಯಾಕೆ ಸಾಲದು ಅಂದ್ರೆ, ಇಂಟೆಲ್ ಪ್ರೊಸೆಸರ್‌ನಲ್ಲಿ ಡಿಬಗ್ಗರ್ ಸಾಮಾನ್ಯವಾಗಿ ಆ ಜಾಗದ ಬೈಟ್ ತೆಗೆದಿಟ್ಟುಕೊಂಡು, 'ಇಲ್ಲಿ ನಿಲ್ಲು' ಅನ್ನೋ ಬೇರೆ ಬೈಟ್ (204) ಬರೆದಿರುತ್ತದೆ. ಡಿಸೇಬಲ್ ಮಾಡಿದಾಗ ಹಳೇ ಬೈಟ್ ವಾಪಸ್ ಬರದಿದ್ದರೆ, ಪಟ್ಟಿ ಏನೇ ಹೇಳಲಿ, ಪ್ರೋಗ್ರಾಂ ನಿಂತೇ ನಿಲ್ಲುತ್ತದೆ.