ಎಚ್-ಇಂಡೆಕ್ಸ್ 9 ಮತ್ತು ಕೆಟ್ಟ ನಿದ್ದೆ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇವರನ್ನು ಲತಾ ಎನ್ನೋಣ. ವಯಸ್ಸು ನಲವತ್ತೈದರ ಆಸುಪಾಸು, ಕೆಲಸ ಸಸ್ಯಶಾಸ್ತ್ರದ ಪಾಠ. ಪಶ್ಚಿಮ ಘಟ್ಟದ ಗಿಡಗಳನ್ನು ಗುರುತಿಸಿ ವರ್ಗೀಕರಿಸುವುದು ಅವರ ಸಂಶೋಧನೆ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಬಂದರು. ಮಾತಾಡ್ತಾ ಹೋದಂತೆ ವಿಷಯ ಹೊರಗೆ ಬಂತು. ರಾತ್ರಿ ಎರಡಕ್ಕೆ ಎದ್ದು ಮೊಬೈಲಿನಲ್ಲಿ ಸಂಶೋಧನಾ ಪ್ರಬಂಧಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತೆಗೆದು, ಒಂದಾದರೂ ಸೈಟೇಶನ್, ಅಂದರೆ ತಮ್ಮ ಪ್ರಬಂಧವನ್ನು ಬೇರೆಯವರು ಉಲ್ಲೇಖಿಸಿದ್ದು, ಏರಿದೆಯಾ ಎಂದು ನೋಡುತ್ತಿದ್ದರು.

ಪ್ರಮೋಶನ್ನಿಗೆ ಅರ್ಜಿ ಹಾಕಿದ್ದ ಎಲ್ಲ ವಿಜ್ಞಾನ ವಿಭಾಗದವರ ಎಚ್-ಇಂಡೆಕ್ಸನ್ನು (ಸೈಟೇಶನ್‌ಗಳಿಂದ ಲೆಕ್ಕ ಹಾಕುವ ಅಂಕಿ) ಒಂದೇ ಹಾಳೆಯಲ್ಲಿ ಬರೆದು ಸಭೆಯಲ್ಲಿ ಹಂಚಿದ್ದರಂತೆ. ಇವರದು 9. ನ್ಯಾನೊ ವಸ್ತುಗಳ ಮೇಲೆ ಕೆಲಸ ಮಾಡುವ, ಇವರಿಗಿಂತ ಕಿರಿಯ ಸಹೋದ್ಯೋಗಿಯದು 31. "ಇಷ್ಟು ವರ್ಷ ನಾನು ಮಾಡಿದ್ದು ಏನೂ ಅಲ್ವಾ ಮೇಡಂ?" ಎಂದು ಕಣ್ಣು ತುಂಬಿಕೊಂಡರು.

ತಲೆ ಕೆಡಿಸಿಕೊಳ್ಳಬೇಡಿ ಅಂದುಬಿಡಬಹುದಿತ್ತು. ಪ್ರಮೋಶನ್ ಆ ಅಂಕಿಯ ಮೇಲೇ ನಿಂತಿರುವಾಗ ಅದರಿಂದ ಏನು ಉಪಯೋಗ? ಹಾಗಾಗಿ ಅಂಕಿಯನ್ನೇ ಬಿಡಿಸಿ ನೋಡಿದೆವು. 9 ಅಂದರೆ, ಕನಿಷ್ಠ 9 ಸಲ ಉಲ್ಲೇಖವಾದ 9 ಪ್ರಬಂಧಗಳಿವೆ ಎಂದು, ಅಷ್ಟೇ. 2005ರಲ್ಲಿ ಇದನ್ನು ಸೂಚಿಸಿದವರು ಹಿರ್ಷ್ ಎಂಬ ಭೌತವಿಜ್ಞಾನಿ. ಕ್ಷೇತ್ರದಿಂದ ಕ್ಷೇತ್ರಕ್ಕೆ ಇದು ಬದಲಾಗುತ್ತದೆ ಎಂದು ಅವರೇ ಅದೇ ಪ್ರಬಂಧದಲ್ಲಿ ಹೇಳಿದ್ದಾರೆ. ಹತ್ತು ಜನ ಸೇರಿ ಬರೆದರೂ ಹತ್ತೂ ಜನಕ್ಕೆ ಪೂರ್ತಿ ಲೆಕ್ಕ ಸಿಗುತ್ತದೆ. ಮಗು ಹುಟ್ಟಿದಾಗ ಕೆಲಸ ನಿಂತ ವರ್ಷಗಳು ಇದರಲ್ಲಿ ಕಾಣುವುದಿಲ್ಲ.

ಲತಾ ಅವರ ಕ್ಷೇತ್ರಕ್ಕೆ ಇನ್ನೊಂದು ತೊಂದರೆ ಇದೆ. ಹೊಸ ಗಿಡಕ್ಕೆ ಹೆಸರಿಟ್ಟವರ ಹೆಸರು ಗಿಡದ ಹೆಸರಿನ ಪಕ್ಕದಲ್ಲೇ ಬರುತ್ತದೆ. ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಗಿಡಗಳ ಹೆಸರಿನ ಕೊನೆಗೆ 'ಎಲ್.' ಎಂದಿರುತ್ತದಲ್ಲ, ಹಾಗೆ. ಆದರೆ ಆ ಹೆಸರನ್ನು ಬಳಸುವವರು ಮೂಲ ಪ್ರಬಂಧವನ್ನು ತಮ್ಮ ಬರಹದ ಕೊನೆಯ ಉಲ್ಲೇಖಗಳ ಪಟ್ಟಿಗೆ ಸೇರಿಸುವುದು ಕಡಿಮೆ. ಕೆಲಸ ಬಳಕೆಯಲ್ಲಿದ್ದರೂ ಎಣಿಕೆಗೆ ಸಿಗುವುದಿಲ್ಲ. ಅರಣ್ಯ ಸಿಬ್ಬಂದಿಗಾಗಿ ಅವರು ಕನ್ನಡದಲ್ಲಿ ಬರೆದ ಕೈಪಿಡಿಯಂತೂ ಲೆಕ್ಕಕ್ಕೇ ಇಲ್ಲ. ಇದನ್ನು ಹೇಳುವಾಗ ಅವರ ದನಿ ಮೊದಲ ಸಲ ಗಟ್ಟಿಯಾಯಿತು.

ನನ್ನ ಮೊದಲ ಸಲಹೆ ನಿದ್ದೆಯದು. ರಾತ್ರಿ ಮೊಬೈಲ್ ಹಾಲ್‌ನಲ್ಲಿರಲಿ, ಸ್ಕಾಲರ್ ನೋಡುವುದು ತಿಂಗಳಿಗೊಮ್ಮೆ, ಹಗಲು ಹೊತ್ತಲ್ಲಿ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು.

ಎರಡನೆಯದು, ಪ್ರಮೋಶನ್ ಸಮಿತಿಗೆ ಎರಡು ಪುಟದ ಟಿಪ್ಪಣಿ. ತಮ್ಮ ಐದು ಒಳ್ಳೆಯ ಕೆಲಸಗಳನ್ನು ಆರಿಸಿ, ಪ್ರತಿಯೊಂದು ಯಾರಿಗೆ ಉಪಯೋಗವಾಯಿತು, ಅದರಲ್ಲಿ ತಮ್ಮ ಪಾಲೆಷ್ಟು ಎಂದು ಬರೆಯಲು ಹೇಳಿದೆ. ಸೈಟೇಶನ್ ಬಿಡಬೇಡಿ, ಆದರೆ ಅದೇ ಕ್ಷೇತ್ರದ, ಅಷ್ಟೇ ಅನುಭವದವರ ಜೊತೆ ಹೋಲಿಸಿ, ಯಾವ ಡೇಟಾಬೇಸ್ ಎಂದೂ ಬರೆಯಿರಿ ಎಂದೆ. ಗೂಗಲ್ ಸ್ಕಾಲರಿನ ಎಣಿಕೆ ಸಾಮಾನ್ಯವಾಗಿ ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸಿಗಿಂತ ಜಾಸ್ತಿ ಇರುತ್ತದೆ. ಒಬ್ಬರದು ಇಲ್ಲಿಂದ, ಇನ್ನೊಬ್ಬರದು ಅಲ್ಲಿಂದ ತೆಗೆದರೆ ಅನ್ಯಾಯ. ಸಂಶೋಧನಾ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರಿನಿಂದ (ಅದರ ಪ್ರಬಂಧಗಳಿಗೆ ಬರುವ ಸರಾಸರಿ ಸೈಟೇಶನ್) ವ್ಯಕ್ತಿಯನ್ನು ಅಳೆಯಬಾರದು ಎಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ತಜ್ಞರು ಓದಿ ಕೊಡುವ ಅಭಿಪ್ರಾಯಕ್ಕೆ ಅಂಕಿ ಬೆಂಬಲವಾಗಿರಬೇಕೆಂಬ 2015ರ ಲೈಡನ್ ಮ್ಯಾನಿಫೆಸ್ಟೊ, ಇವೆರಡನ್ನೂ ಲಗತ್ತಿಸಲು ಹೇಳಿದೆ.

ಇನ್ನೊಂದು ವಿಷಯ ನನಗೆ ಚಿಂತೆ ತಂದಿತ್ತು. ತಮ್ಮ ವಿದ್ಯಾರ್ಥಿನಿಗೆ "ಗಿಡ ಬಿಡು, ಸೈಟೇಶನ್ ಬರುವ ವಿಷಯ ತಗೋ" ಎಂದಿದ್ದರಂತೆ. ಅವಳಿಗೇನು ಇಷ್ಟ ಎಂದು ಕೇಳಿ ಅಂದೆ. ಮರುವಾರ ಕೇಳಿದ್ದಾರೆ. ಅವಳು ಗಿಡಗಳನ್ನೇ ಆರಿಸಿಕೊಂಡಿದ್ದಾಳೆ.

ಸಮಿತಿಯ ತೀರ್ಮಾನ ಇನ್ನೂ ಬಂದಿಲ್ಲ. ಟಿಪ್ಪಣಿ ಕೊಟ್ಟಾಗಿದೆ. ಫಲಿತಾಂಶ ಏನೇ ಬರಲಿ, ಬಂದ ವಾರದಲ್ಲೇ ಒಮ್ಮೆ ಭೇಟಿಯಾಗಬೇಕೆಂದು ಮಾತಾಗಿದೆ.