ಜೀನ್ ಪರೀಕ್ಷೆ ನಾರ್ಮಲ್, ಆದರೂ ಮಗಳಿಗೆ ಫಿಟ್ಸ್ ನಿಲ್ಲುತ್ತಿಲ್ಲ: ಪ್ರತಿಕ್ರಿಯೆ

ಎರಡು ಮಾತ್ರೆ ಕೊಟ್ಟರೂ ಮಗಳ ಫಿಟ್ಸ್ ನಿಂತಿಲ್ಲ, ಸಿಟ್ಟೂ ಇದೆ, ಆದರೆ ಜೀನ್ ಪರೀಕ್ಷೆ ನಾರ್ಮಲ್ ಬಂದಿದೆ ಎಂದು ಬರೆದಿದ್ದೀರಿ. ಜೀನ್ ದೋಷ ಮಿದುಳಿನ ಕೆಲವೇ ಜೀವಕೋಶಗಳಲ್ಲಿ ಇರಬಹುದು. ಹಾಗಿದ್ದರೆ ನಿಮ್ಮ ಮಗಳ ರಕ್ತದ ಜೀನ್ ಪರೀಕ್ಷೆ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಗರ್ಭದಲ್ಲಿ ಒಂದು ಕೋಶ ಎರಡಾಗುವಾಗ ಡಿಎನ್‌ಎ ನಕಲು ತಪ್ಪಿದರೆ, ಆ ಕೋಶದ ಸಂತತಿಯಲ್ಲಷ್ಟೇ ತಪ್ಪು ಉಳಿಯುತ್ತದೆ. ಎಂಟಿಒಆರ್ ಎಂಬ ಜೀನ್‌ನಲ್ಲಿ ಹೀಗಾದಾಗ ಮಿದುಳಿನ ಹೊರಪದರದ ಒಂದು ತುಣುಕು ಅಡ್ಡಾದಿಡ್ಡಿ ಬೆಳೆದು ಫಿಟ್ಸ್ ಬರುತ್ತದೆಂದು 2015ರಲ್ಲೇ ಗೊತ್ತಾಗಿದೆ. ನನ್ನ ಮಗನಿಗೂ ಇದೇ ಆಗಿತ್ತು. ಇಂಥ ತಪ್ಪು ಅಪ್ಪ ಅಮ್ಮನಿಂದ ಬಂದದ್ದಲ್ಲ. ಮನೆತನದ ದೋಷ ಅಂತ ಯಾರಾದರೂ ಅಂದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮೊದಲು, ಫಿಟ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ, ದಿನಾಂಕ ಬರೆದಿಡಿ. ಎರಡು ಮಾತ್ರೆಗೂ ಬಗ್ಗಿಲ್ಲ ಅಂದಿರಲ್ಲ, ಇನ್ನು ತೀರ್ಥಹಳ್ಳಿ–ಶಿವಮೊಗ್ಗ ಓಡಾಡುತ್ತ ಕಾಯಬೇಡಿ. ಡಾಕ್ಟರರಿಂದ ಪತ್ರ ಪಡೆದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಹಳೆಯ ಎಂಆರ್‌ಐ ಸಿ.ಡಿ. ಒಯ್ಯಿರಿ, ವರದಿಯ ಹಾಳೆ ಮಾತ್ರ ಸಾಲದು. 3 ಟೆಸ್ಲಾ ಎಂಆರ್‌ಐ (ಹೆಚ್ಚು ಶಕ್ತಿಯ ಸ್ಕ್ಯಾನ್), ವಿಡಿಯೊ ಇಇಜಿ (ವಿಡಿಯೊ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಬೇಕೇ ಕೇಳಿ. ಆ ತುಣುಕು ಪತ್ತೆಯಾದರೆ ಆಪರೇಷನ್ ಸಾಧ್ಯವಾಗಬಹುದು, ಎಲ್ಲರಿಗೂ ಅಲ್ಲ. ಆಗ, ತೆಗೆದ ಅಂಗಾಂಶದ ಜೀನ್ ಪರೀಕ್ಷೆ ಸಾಧ್ಯವೇ ಎಂದು ಮುಂಚೆಯೇ ವಿಚಾರಿಸಿ.

ಮಗಳ ಸಿಟ್ಟು ಲೆವೆಟಿರಾಸಿಟಮ್ ಎಂಬ ಫಿಟ್ಸ್ ಮಾತ್ರೆಯಿಂದಲೂ ಬರಬಹುದು. ಅದನ್ನೇ ಕೊಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.