ಹೈಲೈಟ್ ವಿಡಿಯೊದಲ್ಲಿ ಎಲ್ಲರೂ ಹುಲಿಗಳೇ

ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ) ಬಗ್ಗೆ ನನಗೆ ಬರುವ ಹತ್ತು ಪತ್ರಗಳಲ್ಲಿ ಏಳರಲ್ಲಿ ಒಂದೇ ಪ್ರಶ್ನೆ ಇರುತ್ತದೆ: ನಮ್ಮ ಹುಡುಗನನ್ನು ಕಾಲೇಜಿನವರು ಯಾಕೆ ಆರಿಸುತ್ತಿಲ್ಲ? ಊರು ಬೇರೆ, ಹುಡುಗ ಬೇರೆ, ಗೋಳು ಅದೇ. ಒಬ್ಬೊಬ್ಬರಿಗೂ ಬಿಡಿಯಾಗಿ ಬರೆದು ಸಾಕಾಗಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಜಾರು ಮಾಡ್ಕೋಬೇಡಿ. ಡೌನ್ ಅಂದರೇನು, ಲೈನ್‌ಬ್ಯಾಕರ್ ಎಲ್ಲಿ ನಿಲ್ಲುತ್ತಾನೆ ಅಂತ ಇಲ್ಲಿ ವಿವರಿಸುವುದಿಲ್ಲ. ಮಗನನ್ನು ಕಾಲೇಜಿಗೆ ಆಡಿಸುವ ಆಸೆ ಇರುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಮಗ 11ನೇ ಕ್ಲಾಸು, ಲೈನ್‌ಬ್ಯಾಕರ್. 6 ಅಡಿ 1 ಇಂಚು, 195 ಪೌಂಡ್. ಕಳೆದ ಸೀಸನ್‌ನಲ್ಲಿ 92 ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಅಷ್ಟು ಸಲ ಕೆಡವಿದ್ದಾನೆ. 40 ಯಾರ್ಡ್ ಓಟ 4.6 ಸೆಕೆಂಡ್. 60 ಕಾಲೇಜುಗಳಿಗೆ ಹೈಲೈಟ್ ವಿಡಿಯೊ ಕಳಿಸಿದೆವು. ಕ್ಯಾಂಪಿಗೆ ಬನ್ನಿ ಅಂತ ಎರಡು ಪತ್ರ ಬಂತು, ಅಷ್ಟೇ. ಅವನ ಟೀಮಿನಲ್ಲೇ ಇರುವ ಇನ್ನೊಬ್ಬ ಹುಡುಗ 50 ಟ್ಯಾಕಲ್ ಕೂಡ ಮಾಡಿಲ್ಲ. ಅವನಿಗೆ ರೇಟಿಂಗ್‌ನಲ್ಲಿ ಮೂರು ಸ್ಟಾರ್, ನಾಲ್ಕು ಕಾಲೇಜಿನಿಂದ ಸ್ಕಾಲರ್‌ಶಿಪ್ ಆಫರ್. ಇದರಲ್ಲಿ ರಾಜಕೀಯ ಇದೆಯಾ? (ಒಬ್ಬ ತಂದೆ, ಫ್ರಿಸ್ಕೊ, ಟೆಕ್ಸಾಸ್)

ಉತ್ತರ: ರಾಜಕೀಯ ಇಲ್ಲ ಸ್ವಾಮಿ. ಆ ಹುಡುಗನ ತೋಳು ಉದ್ದ ಇದೆ.

ಹೈಲೈಟ್ ಬೇಡ, ಮೂರು ಪಂದ್ಯದ ಪೂರ್ತಿ ಫಿಲ್ಮ್ ಕಳಿಸಿ ಅಂತ ನಿಮಗೆ ಬರೆದಿದ್ದೆ. ಕಳಿಸಿದಿರಿ, ಸಂತೋಷ. ಹಾಗೆ ಕೇಳಿದ ತಕ್ಷಣ ಎಷ್ಟೋ ಅಪ್ಪಂದಿರು ಪತ್ರ ಬರೆಯುವುದನ್ನೇ ನಿಲ್ಲಿಸುತ್ತಾರೆ. ಹೈಲೈಟ್ ವಿಡಿಯೊದಲ್ಲಿ ಎಲ್ಲರೂ ಹುಲಿಗಳೇ. ನಿಮ್ಮ ಮಗನದು 8 ನಿಮಿಷ ಇದೆ, ಹಿಂದೆ ರ‍್ಯಾಪ್ ಹಾಡು ಬೇರೆ. ದಿನಕ್ಕೆ ಹತ್ತಾರು ವಿಡಿಯೊ ನೋಡುವ ಕೋಚ್ ಮೊದಲ ಐದಾರು ತುಣುಕು ನೋಡುತ್ತಾನೆ. ಅಷ್ಟರಲ್ಲಿ ಏನೂ ಹಿಡಿಸದಿದ್ದರೆ ಮುಂದಿನವನದಕ್ಕೆ ಹೋಗುತ್ತಾನೆ. ಸೌಂಡು ಮೊದಲೇ ಆಫ್ ಮಾಡಿರುತ್ತಾನೆ.

ಈಗ ಎರಡನೇ ಪಂದ್ಯದ ಒಂದು ಆಟ ನೋಡೋಣ. ಎರಡನೇ ಕ್ವಾರ್ಟರ್, ಮೂರನೇ ಡೌನ್, ಬೇಕಾದ್ದು 4 ಯಾರ್ಡ್. ಸ್ನ್ಯಾಪ್ ಆದ, ಅಂದರೆ ಚೆಂಡು ಆಟಕ್ಕೆ ಬಿಟ್ಟ ಕೂಡಲೇ ಎದುರು ತಂಡದ ಎಡಗಡೆಯ ಗಾರ್ಡ್ (ರನ್ನರ್‌ಗೆ ದಾರಿ ಬಿಡಿಸಿಕೊಡುವವನು) ತನ್ನ ಜಾಗ ಬಿಟ್ಟು ಬಲಕ್ಕೆ ಓಡುತ್ತಾನೆ. ಚೆಂಡು ಆ ಕಡೆಗೇ ಹೋಗುತ್ತೆ ಅಂತ ಅವನ ಕಾಲೇ ಹೇಳುತ್ತಿದೆ. ನಿಮ್ಮ ಮಗ ಗಾರ್ಡ್ ಕಡೆ ನೋಡುತ್ತಲೇ ಇಲ್ಲ. ಕಣ್ಣು ಚೆಂಡಿನ ಮೇಲೆ. ಮೊದಲ ಹೆಜ್ಜೆ ಹಿಂದಕ್ಕೆ ಇಡುತ್ತಾನೆ, ಒಂದು ಕ್ಷಣ ನಿಂತಲ್ಲೇ ನಿಲ್ಲುತ್ತಾನೆ. ಆಮೇಲೆ ಜೋರಾಗಿ ಓಡಿ, ರನ್ನರ್‌ನನ್ನು ಹಿಂದಿನಿಂದ ತಬ್ಬಿ ಕೆಡವುತ್ತಾನೆ. ಅಷ್ಟೊತ್ತಿಗೆ 9 ಯಾರ್ಡ್ ಹೋಗಿದೆ. ಮೈಕಿನಲ್ಲಿ ಅವನ ಹೆಸರು ಕೂಗುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ. 92ರ ಲೆಕ್ಕಕ್ಕೆ ಅದೂ ಸೇರುತ್ತದೆ. ಕೋಚ್ ಲೆಕ್ಕದಲ್ಲಿ ಮಾತ್ರ ಅದು ಬೇಕಾದ 4 ಯಾರ್ಡ್ ದಾಟಲು ಬಿಟ್ಟು, ಎದುರಾಳಿಗೆ ಫಸ್ಟ್ ಡೌನ್ ಬಿಟ್ಟುಕೊಟ್ಟ ಆಟ.

ಮೂರು ಪಂದ್ಯದಲ್ಲಿ ಅವನ ಟ್ಯಾಕಲ್‌ಗಳನ್ನು ಎಣಿಸಿದೆ. 27 ಸಿಕ್ಕವು. ಅದರಲ್ಲಿ 16 ಆಗಿದ್ದು ಎದುರಾಳಿ 5 ಯಾರ್ಡ್ ದಾಟಿದ ಮೇಲೆ. ಟ್ಯಾಕಲ್ ಸಂಖ್ಯೆಯನ್ನು ಇನ್ನು ಮೇಲೆ ದಯವಿಟ್ಟು ಸಿಇಟಿ ರ‍್ಯಾಂಕ್ ಥರ ಹೇಳಿಕೊಳ್ಳಬೇಡಿ. ಡಿಫೆನ್ಸ್ ಲೈನ್ ಕೆಟ್ಟದಾಗಿದ್ದರೆ ರನ್ನರ್ ಅದನ್ನು ದಾಟಿ ಬರುತ್ತಾನೆ, ಲೈನ್‌ಬ್ಯಾಕರ್‌ಗೆ ಟ್ಯಾಕಲ್ ಜಾಸ್ತಿ ಸಿಗುತ್ತವೆ, ಅಷ್ಟೇ.

ಅದೇ ಆಟದಲ್ಲಿ ಆ ಇನ್ನೊಬ್ಬ ಹುಡುಗನನ್ನು ನೋಡಿ. ಗಾರ್ಡ್ ಹೊರಟ ಗಳಿಗೆಯಲ್ಲೇ ಇವನೂ ಹೊರಟ. ಲೈನಿನ ಹತ್ತಿರವೇ ರನ್ನರ್ ಎದುರು ಹೋಗಿ ನಿಂತ. ತಬ್ಬಲು ಹೋದ, ಕೈ ಜಾರಿತು, ಮುಗ್ಗರಿಸಿ ಬಿದ್ದ. ಸ್ಟ್ಯಾಂಡಿನಲ್ಲಿ ಕೂತ ನಿಮಗೆ ಅವನು ದಂಡಪಿಂಡ. ಕಾಲೇಜಿನ ಕೋಚ್ ಮಾತ್ರ ಆ ತುಣುಕನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ನೋಡಿರುತ್ತಾನೆ. ತಬ್ಬುವುದನ್ನು ಎರಡು ತಿಂಗಳಲ್ಲಿ ಕಲಿಸಬಹುದು. 6 ಅಡಿ 3 ಇಂಚಿನ ಮೈ ಇಟ್ಟುಕೊಂಡು ಅಷ್ಟು ಬೇಗ ಸೊಂಟ ತಿರುಗಿಸಿ ಓಡುವುದನ್ನು ಕಲಿಸಲು ಆಗುವುದಿಲ್ಲ. ಆ ಹುಡುಗ ಚಳಿಗಾಲದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ, ವಸಂತದಲ್ಲಿ ಟ್ರ್ಯಾಕ್ ಓಡುತ್ತಾನೆ ಅಂತ ನೀವೇ ಬರೆದಿದ್ದೀರಿ, ದೂರು ಹೇಳುವ ಧಾಟಿಯಲ್ಲಿ. ಅವನ ಬಾಸ್ಕೆಟ್‌ಬಾಲ್ ಫಿಲ್ಮ್ ಕೂಡ ಕೋಚ್ ತರಿಸಿಕೊಂಡು ನೋಡಿರುತ್ತಾನೆ. ಹೆಲ್ಮೆಟ್, ಪ್ಯಾಡು ಇಲ್ಲದೆ ಒಬ್ಬ ಹುಡುಗ ಹೇಗೆ ಹಾರುತ್ತಾನೆ, ನೆಲಕ್ಕೆ ಬಂದು ಹೇಗೆ ನಿಲ್ಲುತ್ತಾನೆ ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಬೆಳೆಯ ಸಿರಿ ಮೊಳಕೆಯಲ್ಲಿ ನೋಡು ಅನ್ನುತ್ತೇವಲ್ಲ, ಈ ಕೆಲಸದಲ್ಲಿ ಆ ಗಾದೆ ನಂಬಿ ಕೆಟ್ಟವರು ಬಹಳ. 14 ವರ್ಷಕ್ಕೇ ಮೀಸೆ ಬಂದ ಹುಡುಗ 9ನೇ ಕ್ಲಾಸಿನಲ್ಲಿ ಎಲ್ಲರನ್ನೂ ಉರುಳಿಸುತ್ತಾನೆ. 17ಕ್ಕೆ ಬರುವ ಹೊತ್ತಿಗೆ ಉಳಿದವರು ಬೆಳೆದಿರುತ್ತಾರೆ, ಅವನು ಅಲ್ಲೇ ಇರುತ್ತಾನೆ. ಕೋಚ್‌ಗೆ ಬೇಕಾದದ್ದು ಈ ಹುಡುಗ 21ಕ್ಕೆ ಹೇಗಿರುತ್ತಾನೆ ಅನ್ನುವುದು. ಅದಕ್ಕೇ ಭುಜದ ಅಗಲ, ಮಣಿಕಟ್ಟು, ಶೂ ಸೈಜು ನೋಡುತ್ತಾನೆ. ಮನೆಗೆ ಬಂದರೆ ಕಾಫಿ ಕುಡಿಯುತ್ತಾ ಹುಡುಗನ ತಾಯಿಯ ಎತ್ತರ ಎಷ್ಟು ಅಂತ ಕಣ್ಣಲ್ಲೇ ಅಳೆಯುತ್ತಾನೆ. ನಮ್ಮಜ್ಜ ಘಾಟಿ ಜಾತ್ರೆಯಲ್ಲಿ ಹೋರಿಕರು ಕೊಳ್ಳುವಾಗ ಕೊಂಬಿಗೆ ಹಚ್ಚಿದ ಬಣ್ಣ ನೋಡುತ್ತಿರಲಿಲ್ಲ. "ನಾಕು ಹೆಜ್ಜೆ ನಡೆಸಪ್ಪ" ಅನ್ನುತ್ತಿದ್ದರು. ಮಕ್ಕಳನ್ನು ದನಕ್ಕೆ ಹೋಲಿಸಬಾರದು, ಗೊತ್ತು. ಆದರೆ ಫಿಲ್ಮ್ ನೋಡಲು ಕೂತಾಗಲೆಲ್ಲ ನನಗೆ ಅಜ್ಜನೇ ನೆನಪಾಗುತ್ತಾರೆ.

ಇನ್ನು ನೀವು ಕೊಟ್ಟ ಅಳತೆಗಳು. 4.6 ಸೆಕೆಂಡ್ ಯಾರು ಅಳೆದದ್ದು? ಸ್ಟಾಪ್‌ವಾಚ್ ಹಿಡಿದ ಕೈ ಹುಡುಗ ಹೊರಟ ಮೇಲೆ ಒತ್ತುತ್ತದೆ, ಹಾಗಾಗಿ ಲೇಸರ್ ಟೈಮಿಗಿಂತ ಸುಮಾರು 0.2 ಸೆಕೆಂಡ್ ಕಮ್ಮಿ ಬರುತ್ತದೆ. ಟ್ರ್ಯಾಕ್ ಮೀಟ್‌ನಲ್ಲಿ ಎಲೆಕ್ಟ್ರಾನಿಕ್ ಆಗಿ ಅಳೆದ 100 ಮೀಟರ್ ಸಮಯ ಕೊಡಿ, ಅದನ್ನು ನಂಬುತ್ತಾರೆ. ಎತ್ತರವೂ ಅಷ್ಟೇ. ಸ್ಕೂಲಿನ ಪಟ್ಟಿಯಲ್ಲಿ 6 ಅಡಿ 1 ಇಂಚು ಇದ್ದವನು ಕ್ಯಾಂಪಿನಲ್ಲಿ ಶೂ ಬಿಚ್ಚಿ ನಿಂತಾಗ 5 ಅಡಿ 11 ಮುಕ್ಕಾಲು ಆಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಇಂಚು ಸುಳ್ಳು ಸಿಕ್ಕಿಬಿದ್ದರೆ ಉಳಿದದ್ದನ್ನೂ ಅನುಮಾನದಿಂದಲೇ ನೋಡುತ್ತಾರೆ.

ಸ್ಟಾರ್ ಕೊಡುವವರು ಕೋಚ್‌ಗಳಲ್ಲ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಸಂಸ್ಥೆಗಳು. 247ಸ್ಪೋರ್ಟ್ಸ್‌ನವರು ವರ್ಷಕ್ಕೆ ಸುಮಾರು 32 ಹುಡುಗರಿಗೆ ಐದು ಸ್ಟಾರ್ ಕೊಡುತ್ತಾರೆ, ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಾಲೇಜು ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಜಾಗ ಇರುವುದರಿಂದ. ಅದೊಂದು ಊಹೆ. ಒಟ್ಟಾರೆ ನೋಡಿದರೆ ಕೆಟ್ಟ ಊಹೆಯೇನಲ್ಲ, ಸ್ಟಾರ್ ಜಾಸ್ತಿ ಇದ್ದವರು ಎನ್‌ಎಫ್‌ಎಲ್ ತಲುಪುವ ಪ್ರಮಾಣವೂ ಜಾಸ್ತಿ. ಆದರೆ ಎನ್‌ಎಫ್‌ಎಲ್‌ನಲ್ಲಿ ದೊಡ್ಡ ಹೆಸರು ಮಾಡಿದ ಜೆ.ಜೆ. ವಾಟ್‌ಗೆ ಎರಡೇ ಸ್ಟಾರ್ ಇತ್ತು. ಖಲೀಲ್ ಮ್ಯಾಕ್ ಫುಟ್‌ಬಾಲ್‌ಗೆ ದೊಡ್ಡ ಹೆಸರಿಲ್ಲದ ಬಫಲೊ ಯೂನಿವರ್ಸಿಟಿಗೆ ಹೋಗಿ 2014ರ ಡ್ರಾಫ್ಟ್‌ನಲ್ಲಿ ಐದನೆಯವನಾಗಿ ಬಂದ.

ಹಾ, ಎನ್‌ಎಫ್‌ಎಲ್ ತಾರೆ ಜೋಶ್ ಆ್ಯಲನ್ ಕಥೆಯನ್ನು ಯಾರೂ ನನಗೆ ಕಳಿಸಬೇಡಿ. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರು, ದೊಡ್ಡ ಕಾಲೇಜಿನ ಒಂದೂ ಆಫರ್ ಇಲ್ಲ, ರೀಡ್ಲಿ ಜೂನಿಯರ್ ಕಾಲೇಜು, ಅಲ್ಲಿಂದ ವೈಯೋಮಿಂಗ್, 2018ರ ಡ್ರಾಫ್ಟ್‌ನಲ್ಲಿ ಏಳನೇ ಆಯ್ಕೆ. ನನಗೆ ಬಾಯಿಪಾಠ. ನೀವೆಲ್ಲ ಬಿಟ್ಟುಬಿಡುವ ಭಾಗ ಏನೆಂದರೆ, ಹೈಸ್ಕೂಲಿನಲ್ಲಿ ತೆಳ್ಳಗಿದ್ದ ಆ ಹುಡುಗ ಆಮೇಲೆ 6 ಅಡಿ 5 ಇಂಚು ಬೆಳೆದ. ಛಲ ಇತ್ತು, ನಿಜ. ಛಲದ ಜೊತೆ ಎಲುಬೂ ಬೆಳೆಯಿತು.

ಲೆಕ್ಕ ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ. ಹೈಸ್ಕೂಲಿನಲ್ಲಿ ಆಡುವವರು ಸುಮಾರು 10 ಲಕ್ಷ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಕಾಲೇಜುಗಳಲ್ಲಿ ಆಡುವ ಅವಕಾಶ ಸಿಗುವುದು ನೂರಕ್ಕೆ ಏಳೆಂಟು ಜನಕ್ಕೆ. ಎಲ್ಲಕ್ಕಿಂತ ಮೇಲಿನ ಡಿವಿಷನ್ 1ರಲ್ಲಿ ನೂರಕ್ಕೆ ಮೂರೂ ಇಲ್ಲ. ಅದರ ಮೇಲೆ 2018ರಲ್ಲಿ ಕಾಲೇಜು ಬದಲಿಸಲು ಬಯಸುವವರ ಪಟ್ಟಿ, ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಿಂದ ಒಂದು ವರ್ಷ ಸುಮ್ಮನೆ ಕೂರದೆ ಕಾಲೇಜು ಬದಲಿಸಬಹುದು ಅಂತಾಯಿತು. ಕೆಲಸ ಉಳಿಸಿಕೊಳ್ಳಬೇಕಾದ ಕೋಚ್‌ಗೆ 17ರ ಹುಡುಗನ ಬದಲು ಕಾಲೇಜಿನಲ್ಲಿ ಆಡಿ ತೋರಿಸಿರುವ 21ರವನು ಸಿಗುತ್ತಾನೆ ಅಂದರೆ ಯಾರನ್ನು ತಗೋತಾನೆ? 2025ರ ಕೋರ್ಟ್ ಒಪ್ಪಂದದ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ 85 ಸ್ಕಾಲರ್‌ಶಿಪ್‌ನ ಮಿತಿ ಹೋಗಿ, ಇಡೀ ತಂಡಕ್ಕೇ 105 ಜನರ ಮಿತಿ ಬಂದಿದೆ. ಮೊದಲು ಸ್ಕಾಲರ್‌ಶಿಪ್ ಇಲ್ಲದೆ ಸೇರುವವರೂ ಸೇರಿ ತಂಡ 120 ದಾಟುತ್ತಿತ್ತು. "ಸ್ಕಾಲರ್‌ಶಿಪ್ ಬೇಡ, ಸುಮ್ನೆ ಸೇರಿಸ್ಕೊಳ್ಳಿ" ಅನ್ನುವ ಬಾಗಿಲೂ ಸಣ್ಣದಾಗಿದೆ.

ನಿಮ್ಮ ಮಗನದು ನನ್ನ ಕಣ್ಣಿಗೆ ಡಿವಿಷನ್ 2 ಅಥವಾ 3ರ ಮೈಕಟ್ಟು. ಬೈಬೇಡಿ. ಡಿವಿಷನ್ 3ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಆದರೆ ಓದಿಗೆ ಸಹಾಯಧನ ಕೊಡುತ್ತಾರೆ. ನೀವು ಹಾತೊರೆಯುವ, ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್‌ನಲ್ಲೂ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಅದನ್ನೂ ತಿಳಿದುಕೊಳ್ಳಿ. ವಿಡಿಯೊ 3 ನಿಮಿಷಕ್ಕೆ ಇಳಿಸಿ. ಅತ್ಯುತ್ತಮ ಐದು ಆಟ ಮೊದಲಿಗೆ ಬರಲಿ. ಸ್ನ್ಯಾಪ್‌ಗೆ ಮುಂಚೆ ಅವನ ಮೇಲೊಂದು ಬಾಣದ ಗುರುತು ಹಾಕಿ, ಇಲ್ಲದಿದ್ದರೆ 22 ಜನರಲ್ಲಿ ಅವನನ್ನು ಹುಡುಕುತ್ತಾ ಯಾರೂ ಕೂರುವುದಿಲ್ಲ. ಕೆಳಗೆ ಎರಡು ಪೂರ್ತಿ ಪಂದ್ಯದ ಲಿಂಕ್ ಮತ್ತು ಅಂಕಪಟ್ಟಿ ಇರಲಿ. 60 ಕಾಲೇಜಿನ ಹೆಡ್ ಕೋಚ್‌ಗೆ ಕಳಿಸುವ ಬದಲು 15 ಕಾಲೇಜಿನ ಲೈನ್‌ಬ್ಯಾಕರ್ ಕೋಚ್‌ಗೆ, ಮಗನೇ ಬರೆದು ಕಳಿಸಲಿ. ಅಪ್ಪ ಬರೆದದ್ದು ಎರಡು ಸಾಲು ಓದಿದರೆ ಗೊತ್ತಾಗುತ್ತದೆ. ತಡ ಮಾಡಬೇಡಿ. ಡಿವಿಷನ್ 1ರ ಕಾಲೇಜುಗಳು ಹುಡುಗರಿಂದ ಸಹಿ ಹಾಕಿಸಿಕೊಳ್ಳುವುದು ಡಿಸೆಂಬರ್ ಮೊದಲ ಬುಧವಾರದಿಂದಲೇ ಶುರು. 12ನೇ ಕ್ಲಾಸಿನ ಸೀಸನ್ ಮುಗಿಯುವಷ್ಟರಲ್ಲಿ ಅಲ್ಲಿ ಸೀಟು ತುಂಬಿ, ಮಿಕ್ಕವರು ಕೆಳಗಿನ ಡಿವಿಷನ್‌ಗಳ ಬಾಗಿಲಿಗೆ ಬಂದು ನಿಂತಿರುತ್ತಾರೆ. ಮತ್ತೆ ಮಗನಿಗೆ ಹೇಳಿ, ಗಾರ್ಡ್ ಕಾಲು ನೋಡಪ್ಪ ಅಂತ. ಅದೊಂದನ್ನು ಈ ಬೇಸಿಗೆಯಲ್ಲಿ ಸರಿಮಾಡಿಕೊಳ್ಳಬಹುದು.

ಪ್ರಶ್ನೆ: 3,500 ಡಾಲರ್ ಕೊಟ್ಟರೆ ಆಫರ್ ಗ್ಯಾರಂಟಿ ಅನ್ನುವ ರಿಕ್ರೂಟಿಂಗ್ ಸರ್ವಿಸ್‌ಗೆ ಸೇರಿಸಬಹುದಾ? (ಒಬ್ಬ ತಾಯಿ, ಸ್ಯಾನ್ ರಮೋನ್)

ಉತ್ತರ: ಗ್ಯಾರಂಟಿ ಅನ್ನುವ ಮಾತು ಬಂದ ತಕ್ಷಣ ಫೋನ್ ಇಡಿ ತಾಯಿ. ಇವರು ಮಾಡುವುದು ಒಂದೇ ಈಮೇಲನ್ನು ನೂರಾರು ಕಾಲೇಜಿಗೆ ಕಳಿಸುವುದು. ಅಂಥ ಮೇಲ್‌ಗಳನ್ನು ಕಾಲೇಜಿನಲ್ಲಿ ಕೂತು ಅಳಿಸುವ ಕೆಲಸ ನಾನೇ ಎರಡು ವರ್ಷ ಮಾಡಿದ್ದೇನೆ. "ನಿಮ್ಮ ಮಗನನ್ನು ವಿಶೇಷವಾಗಿ ಆರಿಸಿದ್ದೇವೆ" ಅಂತ ಬರುವ ಕ್ಯಾಂಪಿನ ಪತ್ರವೂ ಅದೇ ಜಾತಿ. 11ನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕೆ ಮುಂಚೆ ಡಿವಿಷನ್ 1ರ ಕೋಚ್ ಹುಡುಗನಿಗೆ ಆಯ್ಕೆಯ ಪತ್ರ ಬರೆಯುವಂತಿಲ್ಲ. ಕ್ಯಾಂಪಿನ ಕರಪತ್ರ ಮಾತ್ರ ಯಾವಾಗ ಬೇಕಾದರೂ ಕಳಿಸಬಹುದು. ಎನ್‌ಸಿಎಎ ಅದನ್ನು ಆಯ್ಕೆಯ ಮಾತು ಅಂತಲೇ ಲೆಕ್ಕಕ್ಕೆ ಇಟ್ಟಿಲ್ಲ. ನೀವೂ ಇಡಬೇಡಿ. ಆ 3,500ರಲ್ಲಿ ಗಣಿತಕ್ಕೆ ಟ್ಯೂಷನ್ ಕೊಡಿಸಿ. ಡಿವಿಷನ್ 1ಕ್ಕೆ ಹೈಸ್ಕೂಲಿನ 16 ಕೋರ್ ವಿಷಯ (ಗಣಿತ, ಇಂಗ್ಲಿಷ್ ಥರದ್ದು), ಅದರಲ್ಲಿ 4ಕ್ಕೆ 2.3 ಜಿಪಿಎ, ಅಂದರೆ ಸರಾಸರಿ ಅಂಕ ಬೇಕು. ಆಟ ಚೆನ್ನಾಗಿದ್ದೂ ಅಲ್ಲಿ ಮುಗ್ಗರಿಸಿದವರನ್ನು ಕಂಡಿದ್ದೇನೆ.

ಪ್ರಶ್ನೆ: ಭಾರತದ ಹುಡುಗರು ಅಂತಲೇ ನಮ್ಮ ಮಕ್ಕಳನ್ನು ಬಿಡುತ್ತಾರೆ, ಅಲ್ವಾ?

ಉತ್ತರ: ಬ್ರ್ಯಾಂಡನ್ ಚಿಲ್ಲರ್ ತಂದೆ ಭಾರತದವರು. ಮಗ ಆಡಿದ್ದು ಯುಸಿಎಲ್‌ಎ ಕಾಲೇಜಿಗೆ, ಆಮೇಲೆ ಎನ್‌ಎಫ್‌ಎಲ್‌ನಲ್ಲಿ ರ‍್ಯಾಮ್ಸ್, ಆಮೇಲೆ ಪ್ಯಾಕರ್ಸ್. ಮುಂದಿನ ಪ್ರಶ್ನೆ.

ಪ್ರಶ್ನೆ: ಮಗನನ್ನು 8ನೇ ಕ್ಲಾಸಿನಲ್ಲೇ ಒಂದು ವರ್ಷ ಹೆಚ್ಚಿಗೆ ಕೂರಿಸಿದರೆ ಮೈ ಬೆಳೆಯುತ್ತದಂತೆ.

ಉತ್ತರ: ಮೈ ಮಾತ್ರ ಬೆಳೆಯುತ್ತದೆ, ಗೆಳೆಯರು ಮುಂದಿನ ಕ್ಲಾಸಿಗೆ ಹೋಗಿರುತ್ತಾರೆ. ಬೇಡ.

ಪ್ರಶ್ನೆ: ಬೆಂಗಳೂರಿನಿಂದ ಎತ್ತರ ಹೆಚ್ಚಿಸುವ ಪುಡಿ ತರಿಸಿದ್ದೇವೆ. ಕೊಡಬಹುದಾ?

ಉತ್ತರ: ತರಿಸಿದವರೇ ಕುಡಿಯಿರಿ.

ಪ್ರಶ್ನೆ: ಹತ್ತು ದಿನದ ಹಿಂದೆ ತಲೆಗೆ ಪೆಟ್ಟು ಬಿದ್ದು ಕನ್ಕಷನ್ ಆಗಿತ್ತು. ಶನಿವಾರ ದೊಡ್ಡ ಕ್ಯಾಂಪ್ ಇದೆ. ತಲೆನೋವು ಸ್ವಲ್ಪವೇ ಇದೆ.

ಉತ್ತರ: ಹೋಗಬೇಡಿ. ಡಾಕ್ಟರ್ ಬರೆದು ಕೊಡುವ ತನಕ ಹೆಲ್ಮೆಟ್ ಕಾರಿನ ಡಿಕ್ಕಿಯಲ್ಲಿರಲಿ. ಈ ವಿಷಯದಲ್ಲಿ ನನ್ನನ್ನು ಹೆದರುಪುಕ್ಕಲ ಅನ್ನುವವರಿದ್ದಾರೆ. ಅನ್ನಲಿ. ನನ್ನ ಮಗನನ್ನೂ 9ನೇ ಕ್ಲಾಸಿನ ತನಕ ಟ್ಯಾಕಲ್ ಆಡಲು ಬಿಟ್ಟಿರಲಿಲ್ಲ.

ಪ್ರಶ್ನೆ: ಮಗ ಸಾಕರ್ ಆಡುತ್ತಿದ್ದ, ಈಗ ಕಿಕ್ಕರ್. 45 ಯಾರ್ಡ್‌ನಿಂದ ಗೋಲು ಹೊಡೆಯುತ್ತಾನೆ. ಕಾಲೇಜಿಗೆ ಸಾಕಾ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಯಾವುದರ ಮೇಲಿಟ್ಟು? ಹೈಸ್ಕೂಲಿನಲ್ಲಿ ಚೆಂಡಿನ ಕೆಳಗೆ 2 ಇಂಚಿನ ರಬ್ಬರ್ ಪೀಠ, ಅಂದರೆ ಟೀ ಇಡಬಹುದು. ಕಾಲೇಜಿನಲ್ಲಿ ಫೀಲ್ಡ್ ಗೋಲ್‌ಗೆ ಅದಿಲ್ಲ, ನೆಲದಿಂದಲೇ ಹೊಡೆಯಬೇಕು. ಗೋಲು ಕಂಬಗಳ ಅಂತರ ಹೈಸ್ಕೂಲಿನಲ್ಲಿ 23 ಅಡಿ 4 ಇಂಚು, ಕಾಲೇಜಿನಲ್ಲಿ 18 ಅಡಿ 6 ಇಂಚು. ಕಿಕ್‌ಆಫ್ 40ರ ಬದಲು 35 ಯಾರ್ಡ್ ಗೆರೆಯಿಂದ. ಸ್ನ್ಯಾಪ್ ಆದ 1.3 ಸೆಕೆಂಡ್ ಸುಮಾರಿಗೆ ಚೆಂಡು ಕಾಲು ಬಿಟ್ಟಿರಬೇಕು. ಇಷ್ಟಾದ ಮೇಲೂ ಎಷ್ಟೋ ಕಿಕ್ಕರ್‌ಗಳು ಮೊದಲು ಸ್ಕಾಲರ್‌ಶಿಪ್ ಇಲ್ಲದೆಯೇ ಸೇರುತ್ತಾರೆ. ಇವತ್ತೇ ಟೀ ಎತ್ತಿಡಿ. ಕಂಬಗಳ ನಡುವೆ ಎರಡೂ ಕಡೆ 29 ಇಂಚು ಒಳಗೆ ಹಗ್ಗ ಇಳಿಬಿಟ್ಟು ಅಭ್ಯಾಸ ಮಾಡಿಸಿ. ಚೆಂಡು ಹಿಡಿಯಲು ಮನೆಯಲ್ಲಿ ಯಾರೂ ಇಲ್ಲ ಅಂತ ಬರೆದಿದ್ದೀರಿ. ತಂಗಿ ಇದ್ದಾಳಲ್ಲ, ವಾಲಿಬಾಲ್ ಆಡುವವಳು. ಅವಳನ್ನು ಕೇಳಿ, ಬೆರಳು ಚುರುಕಾಗಿರುತ್ತವೆ.